ಉಪ್ಪು ಒಯ್ಯುವ ಓಣಿ

ಅವ್ವನಿಗೆ ಗೋಡೆಗೆ ಮೊಳೆ ಹೊಡೆಯುವ ಹಕ್ಕು ಇರಲಿಲ್ಲ. ಬಾಡಿಗೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ, ನಿಜ. ಆದರೆ ಅವ್ವ ಕೇಳುತ್ತಿದ್ದದ್ದು ಒಂದೇ ಒಂದು ಮೊಳೆ. ಹಿಟ್ಟಿನ ಸಾಣಿಗೆಯನ್ನು ತೂಗುಹಾಕಬೇಕಿತ್ತು. ನೆಲದ ಮೇಲಿಟ್ಟರೆ ಜಿರಲೆ ಹತ್ತುತ್ತವೆ, ಡಬ್ಬಿಯ ಮೇಲಿಟ್ಟರೆ ಡಬ್ಬಿ ತೆರೆಯುವಾಗಲೆಲ್ಲ ಎತ್ತಿಡಬೇಕು. ಮದುವೆಯಲ್ಲಿ ತವರಿನಿಂದ ತಂದ ಆ ಸಾಣಿಗೆ ಅವಳ ಜೊತೆ ಮನೆಯಿಂದ ಮನೆಗೆ ತಿರುಗಿತ್ತು. ಯಾವ ಮನೆಯಲ್ಲೂ ಗೋಡೆ ಹತ್ತಿರಲಿಲ್ಲ.

ನಮ್ಮ ಊರಿನಲ್ಲಿ ಬಾಡಿಗೆಯ ಕರಾರು ಹನ್ನೊಂದು ತಿಂಗಳಿನದು. ಬೇರೆ ಊರುಗಳಲ್ಲೂ ಹಾಗೆಯೇ ಬರೆಯುತ್ತಾರಂತೆ, ಆದರೆ ಅಲ್ಲಿ ಅದು ಬರೀ ಕಾಗದದ ಮಾತು. ಇಲ್ಲಿ ಹನ್ನೆರಡನೆಯ ತಿಂಗಳು ಹಿಡಿಯಿತೆಂದರೆ ಓಣಿ ನಿಮ್ಮನ್ನು ತನ್ನವರೆಂದು ಎಣಿಸಿ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಒಂದೊಂದು ಓಣಿಗೆ ಒಂದೊಂದು ಪಾಲು. ಮಠದ ಹಿಂದಿನ ಓಣಿ ಸ್ವರ ಒಯ್ಯುತ್ತದೆ. ಅಲ್ಲಿನವರಿಗೆ ಹಾಡು ಯಾವುದು, ಮೀನು ಮಾರುವವಳ ಕೂಗು ಯಾವುದು ತಿಳಿಯುವುದಿಲ್ಲ. ಕೆರೆದಂಡೆಯ ಓಣಿ ದಿಕ್ಕು ಒಯ್ಯುತ್ತದೆ. ಅಲ್ಲಿನ ದೊಡ್ಡವರು ಸಂತೆಯಿಂದ ವಾಪಸು ಬರಲು ಬೇರೆ ಓಣಿಯ ಮಕ್ಕಳ ಬೆರಳು ಹಿಡಿಯುತ್ತಾರೆ. ಉಳ್ಳವರೆಲ್ಲ ಇರುವುದು ಸಿಳ್ಳೆ ಓಣಿಯಲ್ಲಿ. ಅಲ್ಲಿ ಹೋಗುವುದು ಸಿಳ್ಳೆ ಹೊಡೆಯುವ ಶಕ್ತಿ, ಅಷ್ಟೇ. ಡಾಕ್ಟರು, ವಕೀಲರು, ಅಡತಿ ಅಂಗಡಿಯವರು ಸಿಳ್ಳೆ ಇಲ್ಲದೆ ಸುಖವಾಗಿದ್ದಾರೆ. ಆ ಓಣಿಯಲ್ಲಿ ಒಂದು ಮನೆ ಮಾರಾಟಕ್ಕೆ ಬಂದದ್ದನ್ನು ನನ್ನ ಅಜ್ಜ ಕೂಡ ನೋಡಿರಲಿಲ್ಲ.

ಸ್ವಂತ ಮನೆಯವರಿಗೆ ಹನ್ನೊಂದು ತಿಂಗಳ ಸಡಿಲಿಕೆ ಇಲ್ಲ. ಮನೆ ಹೊಕ್ಕ ದಿನ ಹಾಲು ಉಕ್ಕಿಸಿ, ಅದೇ ಹಾಲು ಕುಡಿದು ಮಲಗಿದರೆ ಬೆಳಗಾಗುವುದರೊಳಗೆ ಪಾಲು ಹೋಗಿರುತ್ತದೆ. ಆಮೇಲೆ ಮನೆ ಮಾರಿ ಹೋದರೂ ಅದು ಮರಳಿ ಬರುವುದಿಲ್ಲ. ಬಾಡಿಗೆಯವರ ಕಷ್ಟ ಬೇರೆ. ಒಮ್ಮೆ ಹನ್ನೊಂದು ತಿಂಗಳು ಇದ್ದು ಬಂದ ಓಣಿಗೆ ಮತ್ತೆ ಬಾಡಿಗೆಗೆ ಹೋಗುವಂತಿಲ್ಲ. ಓಣಿ ಹಳೆಯ ತಿಂಗಳುಗಳನ್ನು ಮರೆಯುವುದಿಲ್ಲ. ಹಾಗಾಗಿ ಓಣಿಗಳು ಒಂದೊಂದಾಗಿ ತೀರುತ್ತವೆ. ನಾನು ಡಿಗ್ರಿ ಮುಗಿಸುವ ಹೊತ್ತಿಗೆ ನಾವು ಇರದೆ ಉಳಿದದ್ದು ಮೂರು: ಸ್ವರದ ಓಣಿ, ಕನಸಿನ ಓಣಿ, ಉಪ್ಪಿನ ಓಣಿ. ಅವೂ ತೀರಿದರೆ ಮನೆ ಕೊಳ್ಳಬೇಕು ಇಲ್ಲವೇ ಊರು ಬಿಡಬೇಕು. ಊರು ಬಿಟ್ಟರೆ ಅವ್ವನ ಖಾನಾವಳಿಯನ್ನೂ ಬಿಡಬೇಕು. ಮನೆಯಲ್ಲಿ ದಿನಾ ಒಲೆ ಹೊತ್ತುತ್ತಿದ್ದದ್ದು ಖಾನಾವಳಿಯಿಂದ.

ಬಸ್ ನಿಲ್ದಾಣದ ಎದುರು ಕಾಶವ್ವನ ಖಾನಾವಳಿ ಎಂದರೆ ಎಲ್ಲರಿಗೂ ಗೊತ್ತು. ಬಿಸಿರೊಟ್ಟಿ, ಎಣಗಾಯಿ, ಝುಣಕ, ಒಂದು ಕಾಳುಪಲ್ಯ, ಮಜ್ಜಿಗೆ. ಡ್ರೈವರುಗಳು, ಬ್ಯಾಂಕಿನವರು, ಹಾಸ್ಟೆಲ್ ಹುಡುಗರು ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಾರೆ. ಅವ್ವ ಉಪ್ಪನ್ನು ಮೂರು ಬೆರಳಲ್ಲಿ ಎತ್ತುತ್ತಾಳೆ. ಕುದಿಯುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕುತ್ತಾಳೆ. ಅಲ್ಲಿಗೆ ಅವಳ ವಿದ್ಯೆ ಮುಗಿಯಿತು. ಅದನ್ನು ಯಾರೂ ವಿದ್ಯೆ ಎಂದು ಕರೆಯುತ್ತಿರಲಿಲ್ಲ, ಅವಳೂ ಕರೆಯುತ್ತಿರಲಿಲ್ಲ. ಖಾನಾವಳಿಯಲ್ಲೇ ಮಲಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಪೇಟೆಯಲ್ಲಿ ರಾತ್ರಿ ಮಲಗಲು ಪುರಸಭೆ ಯಾರನ್ನೂ ಬಿಡುವುದಿಲ್ಲ.

ಮನೆ ತೋರಿಸಲು ಅಪ್ಪ ದಲ್ಲಾಳಿ ಫಕೀರಪ್ಪನನ್ನು ಹಿಡಿದ. ಫಕೀರಪ್ಪ ಗಾಳಿ, ಬೆಳಕು, ನೀರು, ಬಾಗಿಲಿನ ದಿಕ್ಕು ಎಲ್ಲವನ್ನೂ ಮೊದಲೇ ಹೇಳಿ, ಓಣಿ ಏನು ಒಯ್ಯುತ್ತದೆ ಎಂಬುದನ್ನು ಮಾತ್ರ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಹೇಳುತ್ತಿದ್ದ. ಕೆರೆದಂಡೆಯಲ್ಲಿ ಹೊಸದಾಗಿ ಕಟ್ಟಿದ ಮನೆಯೊಂದನ್ನು ತೋರಿಸಿದ. ಅಣ್ಣ ಶಿವಪುತ್ರ ಒಳಗೆ ಕೂಡ ಬರಲಿಲ್ಲ. ಅವನು ಮಾಲಿನ ಟೆಂಪೊ ಓಡಿಸುತ್ತಾನೆ. "ದಿಕ್ಕು ಹೋದ್ರ ನಾ ಟೆಂಪೊ ತಗೊಂಡು ಕೆರೀ ಸುತ್ತ ತಿರುಗ್ಕೋತ ಇರಬೇಕು, ಗಾಣದ ಎತ್ತಿನಂಗ" ಎಂದ. ಗುಡಿಯ ಹತ್ತಿರ ಹೆಸರು ಒಯ್ಯುವ ಓಣಿಯಲ್ಲಿ ಒಂದು ಮನೆಯಿತ್ತು. ಅಲ್ಲಿ ಎಲ್ಲರೂ ಎಲ್ಲರನ್ನೂ "ಏ ಇವನ", "ಏ ಇವಳ" ಎಂದು ಕರೆಯುತ್ತಾರೆ, ಜಗಳ ಕೂಡ ಹಾಗೆಯೇ ಆಡುತ್ತಾರೆ. ನಾನು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೆ, ರಾಜರು ನದಿಗಳೆಂದು ತಲೆ ತುಂಬ ಹೆಸರುಗಳಿದ್ದವು. "ದಾಕ್ಷಾಂದು ಪರೀಕ್ಷಾ ಐತಿ, ಇದು ಬ್ಯಾಡ" ಎಂದು ಅಪ್ಪನೇ ತೆಗೆದುಹಾಕಿದ. ಸ್ವರದ ಓಣಿಯ ಮನೆ ಎಲ್ಲಕ್ಕಿಂತ ಗಟ್ಟಿಯಾಗಿತ್ತು, ಪಡಸಾಲೆಯೂ ದೊಡ್ಡದು. ಆದರೆ ಅಪ್ಪ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುವವನು. ಸುತ್ತಿನ ಭಜನಾ ಮಂಡಳಿಗಳ ಪೇಟಿಗಳೆಲ್ಲ ಅವನ ಅಂಗಡಿಗೆ ಬರುತ್ತವೆ. "ಸ್ವರ ಹ್ವಾದ ಮ್ಯಾಲ ಪೇಟಿ ಹಿಡ್ಯೂದಂದ್ರ ಕುರುಡನ ಕೈಯಾಗ ಕನ್ನಡಿ ಕೊಟ್ಟಂಗ" ಎಂದು ಬಾಗಿಲಿನಿಂದಲೇ ತಿರುಗಿದ.

ಉಪ್ಪಿನ ಓಣಿಯ ಮನೆಯಲ್ಲಿ ಮಾತ್ರ ಅವ್ವ ಎಲ್ಲರಿಗಿಂತ ಮುಂದೆ ಒಳಗೆ ಹೋದಳು. ಹೋದವಳು ಹೊರಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಅಡುಗೆಮನೆಯಲ್ಲಿ ನಿಂತಿದ್ದಳು. ಅಂಥ ಅಡುಗೆಮನೆಯನ್ನು ನಾವು ಯಾರೂ ನೋಡಿರಲಿಲ್ಲ. ಒಲೆಯ ಕಟ್ಟೆ ಸರಿಯಾಗಿ ಅವಳ ಸೊಂಟದ ಮಟ್ಟಕ್ಕಿತ್ತು. ಹೊಗೆ ಹೋಗಲು ಮೇಲೆ ಕಿಂಡಿ, ಮುಸುರೆ ತೊಳೆಯಲು ಹಿಂದೆ ಬೇರೆ ಬಚ್ಚಲು, ಹತ್ತು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುವಷ್ಟು ಜಾಗ. ಅವ್ವ ಕಟ್ಟೆಯ ಮುಂದೆ ನಿಂತು ಎಡಗೈ ಚಾಚಿ ಗೋಡೆ ಮುಟ್ಟಿದಳು. ಕೈ ಮುಟ್ಟಿದ ಜಾಗವನ್ನು ಎರಡು ಸಲ ತಟ್ಟಿ "ಇಲ್ಲಿ" ಎಂದಳು. ಮೊಳೆಯ ಜಾಗ ಎಂದು ನನಗೆ ತಿಳಿಯಿತು. ಫಕೀರಪ್ಪನಿಗೂ ಏನೋ ತಿಳಿದಿರಬೇಕು, ಆ ದಿನ ಅವನು ಚಪ್ಪಲಿಯವರೆಗೂ ಕಾಯಲಿಲ್ಲ. "ಅಕ್ಕಾರ, ಈ ಓಣಿ ಬರೇ ಉಪ್ಪಿನ ರುಚಿ ಒಯ್ತೈತ್ರಿ. ಬ್ಯಾರೇ ಏನೂ ಮುಟ್ಟೂದಿಲ್ಲ. ಸಿಳ್ಳೇ ಓಣಿ ಬಿಟ್ರ ಇದ ನೋಡ್ರಿ" ಎಂದ.

ಮನೆ ಕೊಳ್ಳುವ ಮೊದಲು ಪಕ್ಕದ ಮನೆಯಲ್ಲಿ ಒಂದು ಹೊತ್ತು ಉಣ್ಣುವುದು ನಮ್ಮ ಊರಿನ ಪದ್ಧತಿ. ಉಂಡು ಕೈ ತೊಳೆದ ಮೇಲೆ "ನಿಮ್ಮದೇನು ಹೋಯ್ತು?" ಎಂದು ಕೇಳಬೇಕು, ಅವರು ಇದ್ದದ್ದನ್ನು ಹೇಳಬೇಕು. ಮಾರುವವನು ಸುಳ್ಳು ಹೇಳಬಹುದು, ದಲ್ಲಾಳಿ ಹೇಳಲೇಬೇಕು. ಪಕ್ಕದ ಮನೆಯವರು ಮಾತ್ರ ಸುಳ್ಳು ಹೇಳುವಂತಿಲ್ಲ. ಪಕ್ಕದ ಮನೆಯ ಅಂಬವ್ವ ಒಂದು ಕಾಲಕ್ಕೆ ಮದುವೆ ಅಡುಗೆಗೆ ಹೋಗುತ್ತಿದ್ದವಳು. ಗಂಡ ಈ ಓಣಿಯಲ್ಲಿ ಮನೆ ಕೊಂಡ ಮೇಲೆ ಬಿಟ್ಟಳು. ನಮಗೆ ರೊಟ್ಟಿ, ಪುಂಡಿಪಲ್ಯ, ಬೇಳೆಸಾರು ಬಡಿಸಿದಳು. ಒಲೆಯ ಪಕ್ಕ ಉಪ್ಪಿನ ಚಮಚಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂಗುತ್ತಿದ್ದವು. ಊಟದಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಎರಡು ಸಲ ಪಲ್ಯ ಹಾಕಿಸಿಕೊಂಡ.

ಅವ್ವ ನಿಧಾನವಾಗಿ ಉಂಡಳು. ಕೈ ತೊಳೆಯುವ ಮೊದಲೇ ಕೇಳಿದಳು. "ಅಂಬಕ್ಕ, ಪುಂಡಿ ಎಳೇದಿದ್ರ ಎಷ್ಟ ಹಾಕ್ತೀರಿ?"

"ಇಷ್ಟ" ಎಂದು ಅಂಬವ್ವ ನಡುವಿನ ಚಮಚ ತೋರಿಸಿದಳು.

"ಬಲತಿದ್ರ?"

"ಇಷ್ಟ."

"ಮಳಿಗಾಲದಾಗ ಉಪ್ಪು ನೀರೊಡದಿದ್ರ?"

ಅಂಬವ್ವ ನಕ್ಕಳು. "ಏ ನಮ್ಮವ್ವ, ನೀ ಮನೀ ತಗೊಳ್ಳಾಕ ಬಂದೀಯೋ ನನ್ನ ಪರೀಕ್ಷಾ ಮಾಡಾಕ ಬಂದೀಯೋ? ಎಲ್ಲಾಕ್ಕೂ ಇಷ್ಟ. ಚಮಚ ಹೇಳಿದ್ದು ಖರೆ, ನಾಲಿಗಿ ಹೇಳಿದ್ದು ಇಲ್ಲ."

ಆಗ ಅವ್ವ ಪದ್ಧತಿಯ ಪ್ರಶ್ನೆ ಕೇಳಿದಳು. ಅಂಬವ್ವ ಎಲೆಯಡಿಕೆ ಬಾಯಿಗಿಟ್ಟುಕೊಂಡಳು. "ಉಪ್ಪು ಒಂದ ಹೋಗೂದಿಲ್ಲವಾ. ಅದು ಹ್ವಾದ ಮ್ಯಾಲ ಹುಳಿ ಒಂದ ಕಡೆ, ಖಾರ ಒಂದ ಕಡೆ, ಯಾರಿಗೂ ಯಾರೂ ಸಂಬಂಧಿಲ್ಲ, ಸತ್ತ ಮನ್ಯಾಗ ಕುಂತ ಮಂದೀ ಹಂಗ. ಉಣ್ಣೂದು ಉಣ್ತೀವಿ. ಲಾಭನೂ ಐತಿ. ಅತ್ರ ಕಣ್ಣೀರು ಬಾಯಿಗೆ ಬಂದ್ರೂ ಗೊತ್ತಾಗೂದಿಲ್ಲ." ಆಮೇಲೆ ಸೇರಿಸಿದಳು: "ನನ್ನ ಕೈಯಿಂದ ಮದುವಿ ಅಡಗಿ ಹೋತು. ಬ್ಯಾರೇದವರಿಗೆ ಇದು ಛಲೋ ಓಣಿ."

ಆ ಸಂಜೆ ಗಿರಾಕಿಗಳು ಎದ್ದ ಮೇಲೆ ಖಾನಾವಳಿಯಲ್ಲಿ ನಾವು ನಾಲ್ವರೂ ಕೂತೆವು. ಅವ್ವ ಉಳಿದ ಹಿಟ್ಟಿನಲ್ಲಿ ನಮಗೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಮಾತು ತೆಗೆದ. ಡಾಕ್ಟರು ಬಿಪಿ ಇದೆ, ಉಪ್ಪು ಬಿಡು ಎಂದು ಅವನಿಗೆ ಹೇಳಿ ಎರಡು ವರ್ಷವಾಗಿತ್ತು. "ಹ್ಯಾಂಗೂ ನನಗ ಉಪ್ಪು ಬ್ಯಾಡಂತ ಹೇಳ್ಯಾರ. ಬಿಡಾಕ ಆಗವಲ್ದು. ಓಣೀನ ಬಿಡಿಸಿದ್ರ ಔಷಧನೂ ಆತು, ಮನೀನೂ ಆತು."

"ನಿಮ್ಮ ಬಿಪಿಗೆ ನಾಕ ಮಂದಿ ಸಪ್ಪಗ ಉಣ್ಣಬೇಕು" ಎಂದೆ.

"ಸಪ್ಪಗ ಅಂತ ಗೊತ್ತಾದ್ರ ಹೌದಲ್ಲ?" ಎಂದ ಅಣ್ಣ. "ಗೊತ್ತಾಗೂದ ಇಲ್ಲ."

"ಅವ್ವನ ಕೈ?"

"ಚಮಚ ಅದಾವಲ್ಲ. ಅಂಬವ್ವ ಮಾಡಿದ್ದು ಉಂಡಿ ಇಲ್ಲೋ? ಅದೂ ಸಾಲದಂದ್ರ ಬ್ಯಾರೇ ಓಣ್ಯಾಗಿನ ಹುಡುಗೀ ಒಬ್ಬಾಕೀನ ರುಚಿ ನೋಡಾಕ ಇಟ್ಕೊಳ್ಳೂಣು. ಆ ಓಣ್ಯಾಗ ಮದುವಿ ಇದ್ರ ಹಂಗ ಮಾಡ್ತಾರ."

"ಹಂಗಾದ್ರ ಖಾನಾವಳಿ ಯಾರದು?" ಅವ್ವ ರೊಟ್ಟಿ ತಿರುವಿ ಹಾಕುತ್ತ ಕೇಳಿದಳು. "ಕಾಶವ್ವಂದೋ, ಆ ಹುಡುಗೀದೋ?"

ಅಣ್ಣ ನಕ್ಕ, ಅಪ್ಪನೂ ನಕ್ಕ. ಅದನ್ನು ತಮಾಷೆ ಎಂದುಕೊಂಡರು. ನನ್ನ ಮಾತಿಗೆ ಅಲ್ಲಿ ಹೆಚ್ಚು ತೂಕವಿರಲಿಲ್ಲ. ನನ್ನ ಹೆಸರುಗಳಿಗಾಗಿ ಒಂದು ಮನೆಯನ್ನು ಆಗಲೇ ಬಿಟ್ಟಿದ್ದೆವು. ಅಣ್ಣನ ದಿಕ್ಕಿಗೆ ಒಂದನ್ನು, ಅಪ್ಪನ ಸ್ವರಕ್ಕೆ ಒಂದನ್ನು. ಅಪ್ಪ ಕೊನೆಗೆ ಅವ್ವನ ಕಡೆ ತಿರುಗಿದ. "ನೀ ಏನಂತಿ?"

ಅವ್ವ ಹಂಚು ಇಳಿಸಿದಳು. "ಅಡಗೀಮನಿ ಛಲೋ ಐತಿ" ಎಂದಳು.

ಅದನ್ನೇ ಒಪ್ಪಿಗೆ ಎಂದು ತಿಳಿದು ಮಾರನೆಯ ವಾರ ಅಪ್ಪ ಮಾತು ಮುಗಿಸಿದ. ಮನೆ ಅಪ್ಪನ ಮತ್ತು ಅಣ್ಣನ ಹೆಸರಿಗೆ ಆಯಿತು. ಅವ್ವನ ಹೆಸರು ಹಾಕಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆ ತಿಂಗಳು ಅವಳು ಖಾನಾವಳಿಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಅಂಗೈಗೆ ಹನಿ ಹಾಕಿ ನೆಕ್ಕುವುದನ್ನು ಎರಡರ ಬದಲು ನಾಲ್ಕು ಸಲ ಮಾಡುವುದನ್ನು ನಾನು ನೋಡಿದೆ. ಕೊನೆಯ ದಿನಗಳೆಂದು ಹಾಗೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಮನೆ ಹೊಗುವ ದಿನ ಮಾವಿನೆಲೆಯ ತೋರಣ ಕಟ್ಟಿದೆವು. ಅಂಬವ್ವ ಆರತಿ ಬೆಳಗಿದಳು. ಹೊಸ ಕಟ್ಟೆಯ ಮೇಲಿನ ಒಲೆಯಲ್ಲಿ ಅವ್ವನೇ ಹಾಲಿಟ್ಟಳು, ಅದು ಪೂರ್ವಕ್ಕೆ ಉಕ್ಕಿತು, ಎಲ್ಲರೂ ಒಳ್ಳೆಯದೆಂದರು. ಸಂಜೆ ನೆಂಟರು ಹೋದ ಮೇಲೆ ಆ ಹಾಲನ್ನು ಲೋಟಗಳಿಗೆ ಸುರಿದು ತಂದಳು. ತಾಟಿನಲ್ಲಿ ಮೂರು ಲೋಟಗಳಿದ್ದವು.

"ನಿಂದೆಲ್ಲಿ?" ಎಂದ ಅಪ್ಪ.

"ನಾ ಬಾಡಿಗಿಗೆ ಬಂದೇನಿ" ಎಂದಳು ಅವ್ವ. "ಹನ್ನೊಂದ ತಿಂಗಳು ಇರ್ತೇನಿ. ಬಾಡಿಗೀನ ಊಟದಾಗ ಮುರ್ಕೊಳ್ರಿ."

ಅಣ್ಣ ಮೊದಲು ನಕ್ಕು, ಆಮೇಲೆ ನಗು ನಿಲ್ಲಿಸಿದ. ಅಪ್ಪನ ಕೈಯಲ್ಲಿ ಲೋಟ ಹಾಗೆಯೇ ಇತ್ತು. "ಏನ್ ಹುಚ್ಚ ಹಿಡದೇತೇನ್ ನಿನಗ? ಆ ದಿನ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮನೀ ತಗೋತಿರಲಿಲ್ಲ. ಓಣಿ ತೀರಾಕ ಬಂದಾವು. ಮನೀ ಬ್ಯಾಡಂದಿದ್ರ ನಾಕೂ ಮಂದಿಗೆ ಊರ ಹೋಗ್ತಿತ್ತು, ಖಾನಾವಳಿನೂ ಹೋಗ್ತಿತ್ತು. ಈಗ ನಿಮಗ ಮನಿ ಆತು. ಆರತೈತಿ, ಕುಡೀರಿ."

ಲೆಕ್ಕ ಸರಿಯಾಗಿತ್ತು. ನಾನು ಕುಡಿದೆ, ಅಣ್ಣ ಕುಡಿದ, ಬಹಳ ಹೊತ್ತಿನ ಮೇಲೆ ಅಪ್ಪನೂ ಕುಡಿದ. ಮರುದಿನ ಬೆಳಿಗ್ಗೆ ಶೇಂಗಾ ಚಟ್ನಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಶೇಂಗಾ ಇತ್ತು, ಖಾರ ಇತ್ತು, ಬೆಳ್ಳುಳ್ಳಿ ಇತ್ತು. ಅಂಬವ್ವ ಹೇಳಿದ ಹಾಗೆಯೇ ಎಲ್ಲವೂ ಬೇರೆ ಬೇರೆ ಕೂತಿದ್ದವು.

ಮೊದಲ ವಾರವೇ ಅಣ್ಣ ಅವ್ವ ತಟ್ಟಿ ತೋರಿಸಿದ್ದ ಜಾಗದಲ್ಲಿ ಒಂದು ಮೊಳೆ ಹೊಡೆದ. ದಪ್ಪ ಮೊಳೆ, ಅಲುಗಾಡದ ಹಾಗೆ ಸಿಮೆಂಟು ಹಚ್ಚಿ ಕೂರಿಸಿದ. ಅವ್ವ ಸಾಣಿಗೆಯನ್ನು ಡಬ್ಬಿಯ ಮೇಲೆಯೇ ಇಟ್ಟಳು. "ಬಾಡಿಗೀ ಮನ್ಯಾಗ ಮೊಳಿ ಬಳಸಬೇಕಂದ್ರ ಮಾಲಕರನ್ನ ಕೇಳಬೇಕು" ಎಂದಳು.

"ಮಾಲಕ ನಾನ ಅದೀನಿ. ನಾನ ಹೊಡದೀನಿ. ಹಾಕ ಬೇ."

"ನೀ ಹೊಡದಿ. ನಾ ಕೇಳಲಿಲ್ಲ. ರೂಢಿ ಆದ್ರ ಹೋಗೂವಾಗ ಕೈ ಗ್ವಾಡಿ ಹುಡುಕತೈತಿ."

ಅಣ್ಣ ಸಿಟ್ಟಿನಿಂದ ಹೊರಗೆ ಹೋಗಿ ಟೆಂಪೊ ತೊಳೆದ. ಆಗಲೇ ತೊಳೆದಿದ್ದ ಟೆಂಪೊ ಅದು.

ಅವ್ವ ಆ ಅಡುಗೆಮನೆಯಲ್ಲಿ ಸಂತೋಷದಿಂದಲೇ ಅಡುಗೆ ಮಾಡಿದಳು. ನಾನು ಬೇರೆ ಏನೋ ಹೇಳಬಹುದಿತ್ತು, ಆದರೆ ನೋಡಿದ್ದು ಅದು. ಕಟ್ಟೆಯನ್ನು ದಿನಾ ಒರೆಸುವಳು, ಕಿಂಡಿಯ ಕೆಳಗೆ ನಿಂತು ಹೊಗೆ ಹೋಗುವುದನ್ನು ನೋಡುವಳು. ಒಂದು ದಿನ ಅಪ್ಪ ಅವಳನ್ನು ಖುಷಿಪಡಿಸಲು "ಇವತ್ತಿನ ಸಾರು ಭಾಳ ಛಲೋ ಆಗೇತಿ" ಎಂದ.

"ಉಪ್ಪು ಹಾಕೀನೋ ಇಲ್ಲೋ ಹೇಳ್ರಿ?" ಎಂದು ಅವ್ವ ಕೇಳಿದಳು.

ಅಪ್ಪ ಮತ್ತೊಂದು ಗುಟುಕು ಕುಡಿದ. ನನ್ನ ಮುಖ ನೋಡಿದ. ನಾನು ಅಣ್ಣನ ಮುಖ ನೋಡಿದೆ. ಆ ದಿನ ಸಾರಿಗೆ ಉಪ್ಪು ಬಿದ್ದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ಅಡುಗೆ ಮಾಡುವುದನ್ನು ಕಡಿಮೆ ಮಾಡಿದಳು. "ತಿಳಿಯೋ ಮಂದಿ ಅಲ್ಲಿ ಕುಂತಿರ್ತಾರ" ಎಂದು ಬೆಳಿಗ್ಗೆ ಬೇಗ ಖಾನಾವಳಿಗೆ ಹೋಗುವಳು.

ಹನ್ನೊಂದನೆಯ ತಿಂಗಳು ಮುಗಿಯುವ ಹಿಂದಿನ ದಿನ ಅಪ್ಪ ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದ. ತಾನೇ ಒಲೆ ಹೊತ್ತಿಸಿ ಹಾಲು ಕಾಯಿಸಿದ. ಉಕ್ಕುವವರೆಗೂ ಅಲ್ಲಿಯೇ ನಿಂತಿದ್ದ, ಅರ್ಧ ಹಾಲು ಕಟ್ಟೆಯ ಮೇಲೆ ಹರಿಯಿತು. ಉಳಿದದ್ದನ್ನು ಲೋಟಕ್ಕೆ ಸುರಿದು ಅವ್ವನ ಮುಂದಿಟ್ಟ. "ಕುಡಿ. ಒಂದ ಲೋಟ. ಖಾನಾವಳಿ ಹೋದ್ರ ಹೋಗ್ಲಿ, ನನ್ನ ಪೇಟಿ ಐತಿ, ಶಿವ್ಯಾನ ಗಾಡಿ ಐತಿ. ನೀ ಇಲ್ಲದ ಮನೀ ತಗೊಂಡು ನಾವೇನ್ ಮಾಡೂದು?"

ಅವ್ವ ಲೋಟವನ್ನು ನೋಡಿದಳು. ಅವಳು ಕುಡಿಯುತ್ತಾಳೆಂದೇ ನನಗೆ ಅನ್ನಿಸಿತು, ಯಾಕೆಂದರೆ ಲೋಟವನ್ನು ಕೈಗೆ ತೆಗೆದುಕೊಂಡಳು. ತುಟಿಯ ಹತ್ತಿರವೂ ಒಯ್ದಳು. ಆಮೇಲೆ ಅಪ್ಪನನ್ನು ಕೇಳಿದಳು. "ಸ್ವರದ ಓಣ್ಯಾಗ ನಾ ಹಾಲಿಟ್ಟಿದ್ರ ನೀವು ಕುಡೀತಿದ್ರೇನು?"

ಅಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವನ ಬಗ್ಗೆ ನನಗಿರುವ ಗೌರವ ಆ ಒಂದು ಕಾರಣಕ್ಕೆ ಉಳಿದಿದೆ. ಅವ್ವ ಹಾಲನ್ನು ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ಮುಚ್ಚಿಟ್ಟಳು. ರಾತ್ರಿ ಅದಕ್ಕೆ ಹೆಪ್ಪು ಹಾಕಿ, ಮರುದಿನ ಮೊಸರು ಯಾವ ಡಬ್ಬಿಯಲ್ಲಿದೆ ಎಂದು ನನಗೆ ತೋರಿಸಿ, ಸಾಣಿಗೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಅಣ್ಣನ ಟೆಂಪೊ ಹತ್ತಿದಳು. ಕನಸು ಒಯ್ಯುವ ಓಣಿಯಲ್ಲಿ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದಳು. ಹೊರಡುವಾಗ ಒಲೆಯ ಕಟ್ಟೆಯನ್ನು ಒಮ್ಮೆ ಒರೆಸಿದಳು.

ಅದೂ ತೀರಿದರೆ ಅವಳಿಗೆ ಸ್ವರದ ಓಣಿ ಒಂದೇ ಉಳಿಯುತ್ತದೆ. ಅಲ್ಲಿ ಒಂದು ಖೋಲಿ ಕೊಂಡು ಹಾಲು ಕುಡಿದರೂ ನಡೆಯುತ್ತದೆ ಎನ್ನುತ್ತಾಳೆ, "ನನಗೇನು ಹಾಡಾಕ ಬರ್ತೈತೇನು?" ಹಾಗಾದರೆ ಆಮೇಲೆ ಖಾನಾವಳಿಯ ಗದ್ದಲದಲ್ಲಿ ಯಾರು ಕೂಗಿದರು, ಯಾವ ಪಾತ್ರೆ ಕುದಿಯಿತು ಎಂದು ಕಿವಿಯಿಂದ ತಿಳಿಯುವುದು ಹೇಗೆ ಎಂದು ನಾನು ಕೇಳಿಲ್ಲ. ಅವಳು ಅದನ್ನೂ ಯೋಚಿಸಿರುತ್ತಾಳೆ. ನಾವು ಮೂವರೂ ಮಧ್ಯಾಹ್ನ ಖಾನಾವಳಿಗೆ ಹೋಗಿ ಗಿರಾಕಿಗಳ ನಡುವೆ ಕೂತು ಉಣ್ಣುತ್ತೇವೆ. ಅವ್ವ ನಮಗೂ ಎಲ್ಲರಿಗೂ ಬಡಿಸಿದ ಹಾಗೆಯೇ ಬಡಿಸುತ್ತಾಳೆ. ಎದುರಿಗೆ ಕೂತವರ ಮುಖ ನೋಡಿ ಇವತ್ತು ಊಟ ಹೇಗಾಗಿದೆ ಎಂದು ತಿಳಿದುಕೊಳ್ಳುವುದನ್ನು ನಾನು ಕಲಿತಿದ್ದೇನೆ. ಬಹಳ ಸಲ ಚೆನ್ನಾಗಿಯೇ ಆಗಿರುತ್ತದೆ.

ಕಳೆದ ವಾರ ನಮ್ಮ ಇನ್ನೊಂದು ಪಕ್ಕದ ಮನೆ ಮಾರಾಟಕ್ಕೆ ಬಂತು. ಫಕೀರಪ್ಪ ಹೊಸದಾಗಿ ಮದುವೆಯಾದ ಗಂಡ ಹೆಂಡಿರನ್ನು ಕರೆತಂದ. ಪದ್ಧತಿಯಂತೆ ಅವರು ನಮ್ಮಲ್ಲಿ ಉಂಡರು. ಚಮಚದಿಂದ ಅಳೆದು ನಾನೇ ಮಾಡಿದ್ದೆ. ಹುಡುಗಿ ಅಡುಗೆಮನೆ ನೋಡುತ್ತೇನೆಂದು ಒಳಗೆ ಬಂದಳು, ಕಟ್ಟೆ ಮುಟ್ಟಿ ನೋಡಿ ಮೆಚ್ಚಿದಳು, ಗೋಡೆಯ ಮೊಳೆ ನೋಡಿ "ಇದಕ್ಕೇನೂ ಹಾಕಿಲ್ಲಲ್ರಿ ಅಕ್ಕಾ?" ಎಂದಳು. ಹೊರಗೆ ಕಟ್ಟೆಯ ಮೇಲೆ ಫಕೀರಪ್ಪ ಕೆಮ್ಮಿದ. ಹುಡುಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಗಂಡನ ಪಕ್ಕ ನಿಂತು ಕೇಳಬೇಕಾದ್ದನ್ನು ಕೇಳಿದಳು.

"ನಿಮ್ಮದೇನು ಹೋಯ್ತ್ರಿ?"

ಅಪ್ಪ ಒಳಗೆ ಪೇಟಿಯ ಒಂದು 'ಸಾ' ಹಿಡಿದು ಹೊಂದಿಸುತ್ತಿದ್ದ, ನಿಲ್ಲಿಸಿದ. ಪಕ್ಕದ ಮನೆಯವರು ಸುಳ್ಳು ಹೇಳುವಂತಿಲ್ಲ. ನಾನು ಇದ್ದದ್ದನ್ನು ಹೇಳಿದೆ.

"ನಾಕು ಮಂದಿ ಇದ್ವಿ. ಮೂರು ಮಂದೀದು ಉಪ್ಪು ಹೋತು. ಒಬ್ಬಾಕೀದು ಮನಿ."